ಓದುಗರ ಪ್ರಶ್ನೆ, ನಮ್ಮ ಉತ್ತರ: ಸಂರಕ್ಷಿತ ಸ್ಮಾರಕಗಳ ನೆರೆಹೊರೆಯವರಿಗೆ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹಳೆಯ ಗುಡಿ, ಬಸದಿ, ಶಾಸನ, ವೀರಗಲ್ಲುಗಳ ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಮನೆ ಕಟ್ಟುವ ತೊಂದರೆಯನ್ನು ಕುರಿತ ಪತ್ರಗಳೇ ಹೆಚ್ಚಾಗಿದ್ದುದರಿಂದ ಮೊದಲನೆಯ ಉತ್ತರ ಸ್ವಲ್ಪ ದೀರ್ಘವಾಗಿದೆ.

ಪ್ರಶ್ನೆ: ನಮ್ಮದು ತಾತನ ಕಾಲದ ಹೆಂಚಿನ ಮನೆ. ದೇವಸ್ಥಾನದ ಕಾಂಪೌಂಡಿನಿಂದ ಸುಮಾರು ಅರವತ್ತು ಮೀಟರ್ ದೂರದಲ್ಲಿದೆ. ಗೋಡೆ ಬಿರುಕು ಬಿಟ್ಟಿರುವುದರಿಂದ ಕೆಡವಿ ಅದೇ ಅಳತೆಯಲ್ಲಿ ಆರ್‌ಸಿಸಿ ಮನೆ ಕಟ್ಟಬೇಕೆಂದು ಪಂಚಾಯಿತಿಯಿಂದ ಪರವಾನಗಿ ಪಡೆದೆವು. ಈಗ ಕೆಲಸ ನಿಲ್ಲಿಸುವಂತೆ ನೋಟಿಸ್ ಬಂದಿದೆ. ನಮ್ಮ ಜಾಗದಲ್ಲಿ ನಾವು ಮನೆ ಕಟ್ಟಿಕೊಳ್ಳುವುದು ಅಪರಾಧವೆ? (ಹಳೇಬೀಡಿನ ಓದುಗರು)

ಉತ್ತರ: ತಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಪಂಚಾಯಿತಿಯ ಪರವಾನಗಿ ಇಲ್ಲಿ ಸಾಲುವುದಿಲ್ಲ. ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗೆ ಅನ್ವಯಿಸುವ 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ತಿದ್ದುಪಡಿಯಾದ ಮೇಲೆ, ಅಂಥ ಪ್ರತಿಯೊಂದು ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶವೆಂದೂ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶವೆಂದೂ ಕಾಯ್ದೆಯಲ್ಲೇ ಸೇರಿಹೋಗಿದೆ. ಈ ಅಳತೆಯನ್ನು ಹೆಚ್ಚಿನವರು ಗುಡಿಯ ಗೋಡೆಯಿಂದ ಅಥವಾ ಗರುಡಗಂಬದಿಂದ ಹಿಡಿಯುತ್ತಾರೆ. ಅದು ಸರಿಯಲ್ಲ. ಸಂರಕ್ಷಿತವೆಂದು ಘೋಷಿಸಿದ ಜಾಗದ ಎಲ್ಲೆ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಅಳತೆ ಆರಂಭವಾಗುತ್ತದೆ. ಆ ಎಲ್ಲೆ ಕೆಲವು ಕಡೆ ಈಗಿನ ಕಾಂಪೌಂಡಿಗಿಂತ ಹೊರಗಿರುವುದೂ ಉಂಟು. ಆದುದರಿಂದ ಸರ್ವೆ ನಕಾಶೆಯನ್ನು ನೋಡದೆ ಅರವತ್ತು ಮೀಟರೆಂದು ತೀರ್ಮಾನಿಸಬೇಡಿ.

ಇನ್ನು ತಾವು ಏನು ಮಾಡಬಹುದೆಂಬ ವಿಷಯ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟಲು ಯಾರಿಗೂ ಅನುಮತಿಯಿಲ್ಲ. ಹಳೆಯದನ್ನು ಕೆಡವಿ ಅದೇ ಉದ್ದ, ಅಗಲ, ಎತ್ತರದಲ್ಲಿ ಮತ್ತೆ ಕಟ್ಟುವುದನ್ನು ಕಾಯ್ದೆಯು ಪುನರ್ನಿರ್ಮಾಣವೆಂದು ಬೇರೆಯಾಗಿ ವಿವರಿಸುತ್ತದೆ ಮತ್ತು ಅದಕ್ಕೂ ಈ 100 ಮೀಟರಿನೊಳಗೆ ಅವಕಾಶ ಕೊಡುವುದಿಲ್ಲ. ತಮಗೆ ನೋಟಿಸ್ ಬಂದಿರುವುದು ಬಹುಶಃ ಇದೇ ಕಾರಣಕ್ಕೆ. ಆದರೆ ದುರಸ್ತಿ ಮತ್ತು ನವೀಕರಣಕ್ಕೆ ಬಾಗಿಲು ತೆರೆದಿದೆ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯಾದರೆ, ಅದರ ಒಡೆಯರು ದುರಸ್ತಿಗಾಗಿ ಸಕ್ಷಮ ಪ್ರಾಧಿಕಾರಿಗೆ, ಎಂದರೆ ಇಂಥ ಅರ್ಜಿಗಳನ್ನು ತೀರ್ಮಾನಿಸಲು ಕಾಯ್ದೆಯಡಿ ನೇಮಕವಾದ ಅಧಿಕಾರಿಗೆ, ಅರ್ಜಿ ಸಲ್ಲಿಸಬಹುದು. ಆ ದಿನಾಂಕಕ್ಕೆ ಮಹತ್ವ ಬಂದುದು ಏಕೆಂದರೆ, 100 ಮತ್ತು 200 ಮೀಟರುಗಳ ನಿರ್ಬಂಧವನ್ನು ಮೊದಲು ಅಧಿಸೂಚನೆಯ ಮೂಲಕ ಹೊರಡಿಸಿದ್ದು ಅಂದು. ಬಿರುಕು ಬಿಟ್ಟ ಗೋಡೆಯನ್ನು ಭದ್ರಪಡಿಸುವುದು, ತೊಲೆ, ಜಂತಿ, ರೀಪರ್ ಬದಲಿಸುವುದು, ಹೆಂಚು ಹೊದಿಸುವುದು, ನೆಲ ಹಾಕಿಸುವುದು, ಇವನ್ನೆಲ್ಲ ಈ ದಾರಿಯಲ್ಲಿ ಕೇಳಬಹುದು. ಮಾಳಿಗೆ ಏರಿಸುವುದನ್ನು ಕೇಳಿದರೆ ಅರ್ಜಿ ನಿಲ್ಲುವುದಿಲ್ಲ.

ಮನೆ ಹಳೆಯದೆಂದು ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲವಾದ್ದರಿಂದ, ತಾತನ ಹೆಸರಿನ ಕಂದಾಯದ ರಸೀದಿ, ಹಳೆಯ ಖಾತೆಯ ನಕಲು, 1992ಕ್ಕೆ ಹಿಂದಿನ ವಿದ್ಯುತ್ ಬಿಲ್, ಇವುಗಳಲ್ಲಿ ಸಿಕ್ಕಿದ್ದನ್ನು ಮೊದಲು ಒಟ್ಟುಗೂಡಿಸಿ. ಅರ್ಜಿ ತಲುಪಿದ 15 ದಿನಗಳಲ್ಲಿ ಸಕ್ಷಮ ಪ್ರಾಧಿಕಾರಿಯು ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು, ಅದು ಎರಡು ತಿಂಗಳೊಳಗೆ ಅಭಿಪ್ರಾಯ ತಿಳಿಸಬೇಕು, ಆಮೇಲೆ ಒಂದು ತಿಂಗಳಲ್ಲಿ ಅನುಮತಿಯೋ ನಿರಾಕರಣೆಯೋ ತಮ್ಮ ಕೈಸೇರಬೇಕು ಎಂಬುದು ಕಾಯ್ದೆಯ ಲೆಕ್ಕ. ಮಳೆಗಾಲ ಹಿಡಿಯುವ ಮೊದಲು ಹೆಂಚು ಹೊದಿಸಬೇಕೆಂದಿದ್ದರೆ ಸಂಕ್ರಾಂತಿ ಕಳೆಯುವಷ್ಟರಲ್ಲಿ ಅರ್ಜಿ ಹೋಗಿರಲಿ.

ಈ ನಿಯಮ ಬಡವರ ಮನೆಯ ಮೇಲೆ ಬೀಳುವಷ್ಟು ಭಾರವಾಗಿ ಹೋಟೆಲು, ವಾಣಿಜ್ಯ ಮಳಿಗೆಗಳ ಮೇಲೆ ಬೀಳುತ್ತಿಲ್ಲವೆಂಬ ದೂರನ್ನು ನಾವೂ ಕೇಳಿದ್ದೇವೆ, ಅದರಲ್ಲಿ ಹುರುಳಿಲ್ಲವೆಂದು ಹೇಳಲಾರೆವು. ಚರಂಡಿ, ಸಾರ್ವಜನಿಕ ಶೌಚಾಲಯ, ಊರಿಗೆ ನೀರು ಮತ್ತು ವಿದ್ಯುತ್ ಪೂರೈಸುವ ಕಾಮಗಾರಿಗಳನ್ನು ಮಾತ್ರ ಕಾಯ್ದೆಯು ನಿರ್ಮಾಣದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಸರ್ಕಾರದ ಸಾರ್ವಜನಿಕ ಯೋಜನೆಗಳಿಗೆ ನಿಷೇಧಿತ ಪ್ರದೇಶದಲ್ಲಿ ಅವಕಾಶ ಕೊಡುವ ತಿದ್ದುಪಡಿ ಮಸೂದೆಯನ್ನು ಲೋಕಸಭೆ 2018ರ ಜನವರಿಯಲ್ಲಿ ಅಂಗೀಕರಿಸಿತಾದರೂ ರಾಜ್ಯಸಭೆಯಲ್ಲಿ ಅದು ಆಯ್ಕೆ ಸಮಿತಿಗೆ ಹೋಯಿತು.

ಪ್ರಶ್ನೆ: ನಮ್ಮ ಹೊಲದ ಒಂದು ಭಾಗ ಸಂರಕ್ಷಿತ ಪ್ರದೇಶದೊಳಗೆ ಸೇರಿದೆ. ರಾಗಿ ಬೆಳೆಯುತ್ತಿದ್ದೆವು, ಈಗ ತೆಂಗು ಹಾಕಬೇಕೆಂದಿದ್ದೇವೆ. ಅಡ್ಡಿಯಿದೆಯೆ? (ಅರಸೀಕೆರೆ ತಾಲ್ಲೂಕಿನ ಓದುಗರು)

ಉತ್ತರ: ರಾಗಿಗೆ ಅಡ್ಡಿಯಿಲ್ಲ, ತೆಂಗಿಗೆ ಇದೆ. ಸಂರಕ್ಷಿತ ಪ್ರದೇಶದೊಳಗಿನ ಜಮೀನಿನಲ್ಲಿ ಬೇಸಾಯವನ್ನು 1958ರ ಕಾಯ್ದೆ ನಿಷೇಧಿಸುವುದಿಲ್ಲ. ಆದರೆ ಮೇಲ್ಮಣ್ಣಿನಿಂದ ಒಂದು ಅಡಿಗಿಂತ ಆಳಕ್ಕೆ ಅಗೆಯಬಾರದೆಂಬ ಷರತ್ತಿದೆ. ನೇಗಿಲಿನ ಸಾಲು ಅದರೊಳಗೆ ನಿಲ್ಲುತ್ತದೆ. ತೆಂಗಿನ ಗುಂಡಿ ನಿಲ್ಲುವುದಿಲ್ಲ, ಕೊಳವೆಬಾವಿಯ ಮಾತಂತೂ ಬೇಡ. ಹೂತಿರುವ ಅಡಿಪಾಯ, ಮಡಕೆಯ ಚೂರು, ಇಟ್ಟಿಗೆಯ ಸಾಲು ಇವೆಲ್ಲ ಸಾಮಾನ್ಯವಾಗಿ ಆ ಒಂದಡಿಯ ಕೆಳಗೆ ತಮ್ಮ ಮೂಲ ಪದರದಲ್ಲಿ ಕದಲದೆ ಉಳಿದಿರುತ್ತವೆ. ಒಮ್ಮೆ ಗುಂಡಿ ತೋಡಿದರೆ ಯಾವುದು ಯಾವ ಕಾಲದ್ದೆಂದು ಹೇಳುವ ದಾರಿಯೇ ಮುಚ್ಚಿಹೋಗುತ್ತದೆ.

ಪ್ರಶ್ನೆ: ಅಮೃತಾಪುರದ ದೇವಾಲಯ ಕೇಂದ್ರದ ಪಟ್ಟಿಯಲ್ಲಿದೆ. ಹೆಚ್ಚು ಕಡಿಮೆ ಅದೇ ಕಾಲದ ನಮ್ಮೂರಿನ ಗುಡಿ ಯಾವ ಪಟ್ಟಿಯಲ್ಲೂ ಇಲ್ಲ. ಇದನ್ನು ನಿರ್ಧರಿಸುವವರು ಯಾರು? (ತರೀಕೆರೆಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಪಟ್ಟಿಗಳು ಹುಟ್ಟಿದ ಬಗೆಯನ್ನು ತಿಳಿದರೆ ಈ ತಾರತಮ್ಯ ಅಷ್ಟಾಗಿ ಆಶ್ಚರ್ಯ ತರಿಸುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ 1885ರಷ್ಟು ಹಿಂದೆಯೇ ಪುರಾತತ್ವ ಇಲಾಖೆ ಇತ್ತು. ಬಿ. ಎಲ್. ರೈಸ್, ಆರ್. ನರಸಿಂಹಾಚಾರ್ ಮೊದಲಾದವರು ಎತ್ತಿನಗಾಡಿಯ ದಾರಿಯಲ್ಲಿ ಊರೂರು ತಿರುಗಿ ಶಾಸನಗಳನ್ನೂ ಗುಡಿಗಳನ್ನೂ ದಾಖಲಿಸಿದರು. ಸ್ವಾತಂತ್ರ್ಯದ ನಂತರ 1951ರ ಕೇಂದ್ರ ಕಾಯ್ದೆ ಮತ್ತು 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಗಳ ಮೂಲಕ ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಸ್ಮಾರಕಗಳನ್ನು 1958ರ ಕಾಯ್ದೆ ಹಾಗೆಯೇ ತನ್ನ ತೆಕ್ಕೆಗೆ ತೆಗೆದುಕೊಂಡಿತು. ಉಳಿದವುಗಳಲ್ಲಿ ಕೆಲವನ್ನು ರಾಜ್ಯ ಸರ್ಕಾರ ತನ್ನ 1961ರ ಕಾಯ್ದೆಯಡಿ ಸಂರಕ್ಷಿಸಿತು. ನಮ್ಮ ಅಭಿಪ್ರಾಯದಲ್ಲಿ, ಕೆತ್ತನೆಯ ಸೊಬಗಿಗೂ ಶಾಸನದ ಖಚಿತ ಕಾಲಕ್ಕೂ ಈ ಆಯ್ಕೆಯಲ್ಲಿ ಹೆಚ್ಚಿನ ಬೆಲೆ ಸಿಕ್ಕಿತು. 1113ರ ದೊಡ್ಡಗದ್ದವಳ್ಳಿ, 1173ರ ಕೋರವಂಗಲ, 1246ರ ನುಗ್ಗೇಹಳ್ಳಿಗಳ ಗುಡಿಗಳಿಗೆ ಎರಡೂ ಇದ್ದವು. ಸಾದಾ ಗೋಡೆಯ, ಶಾಸನವಿಲ್ಲದ ಊರಗುಡಿ ಅದೇ ಶತಮಾನದ್ದಾಗಿದ್ದರೂ ಹಿಂದೆ ಸರಿಯಿತು. ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಅಮೃತಾಪುರದ ಗುಡಿಯ ಮುಂದೆ ಕವಿಚಕ್ರವರ್ತಿ ಜನ್ನನ ಪದ್ಯಗಳಿರುವ ಶಾಸನವೇ ನಿಂತಿರುವಾಗ, ಅದನ್ನು ಯಾರು ತಾನೇ ಬಿಟ್ಟಾರು?

ಪಟ್ಟಿ ಮುಗಿದುಹೋದದ್ದೇನೂ ಅಲ್ಲ. ನೂರು ವರ್ಷಕ್ಕಿಂತ ಹಳೆಯ ಸ್ಮಾರಕವನ್ನು ಸಂರಕ್ಷಿತವೆಂದು ಘೋಷಿಸುವ ಉದ್ದೇಶವನ್ನು ಕೇಂದ್ರ ಸರ್ಕಾರ ಎರಡು ತಿಂಗಳ ನೋಟಿಸಿನ ಮೂಲಕ ಪ್ರಕಟಿಸಿ, ಸ್ಮಾರಕದ ಬಳಿ ಅದರ ಪ್ರತಿಯನ್ನು ಅಂಟಿಸಿ, ಆಕ್ಷೇಪಣೆಗಳನ್ನು ಕೇಳಿ, ಆಮೇಲೆ ಗೆಜೆಟ್ಟಿನಲ್ಲಿ ಘೋಷಿಸಬಹುದು. ಮಹತ್ವ ಉಳಿದಿಲ್ಲವೆಂದು ಕೈಬಿಡುವ ಅಧಿಕಾರವೂ ಇದೆ. 2024ರಲ್ಲಿ ದೇಶದ ಬೇರೆಬೇರೆ ಕಡೆಯ 18 ಸ್ಮಾರಕಗಳನ್ನು ಪಟ್ಟಿಯಿಂದ ತೆಗೆಯಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ನಿರ್ಧರಿಸಿತು. ತಮ್ಮೂರಿನ ಗುಡಿಯ ಮಟ್ಟಿಗೆ ರಾಜ್ಯದ ಪಟ್ಟಿಯೇ ಹತ್ತಿರದ ದಾರಿ. ಗ್ರಾಮಸಭೆಯ ನಿರ್ಣಯ, ಸರ್ವೆ ನಂಬರ್ ಸಹಿತ ಪಹಣಿ, ನಾಲ್ಕೂ ಕಡೆಯ ಫೋಟೋ, ಶಾಸನವಿದ್ದರೆ ಅದು ಅಚ್ಚಾಗಿರುವ ಸಂಪುಟದ ಉಲ್ಲೇಖ, ಇಷ್ಟನ್ನು ಸೇರಿಸಿ ರಾಜ್ಯ ಪುರಾತತ್ವ ಇಲಾಖೆಯ ಮೈಸೂರಿನ ಕೇಂದ್ರ ಕಚೇರಿಗೆ ಕಳುಹಿಸಿ. ರೈಸ್ ಸಂಪಾದಿಸಿದ ಶಾಸನ ಸಂಪುಟಗಳಲ್ಲಿ ಆಗ ಕಡೂರು ಜಿಲ್ಲೆಯೆಂದು ಕರೆಯುತ್ತಿದ್ದ ತಮ್ಮ ಜಿಲ್ಲೆಯದು ಆರನೆಯದು, ಹಾಸನದ್ದು ಐದನೆಯದು. ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಪರಿಷ್ಕೃತ ಸಂಪುಟಗಳೂ ಇವೆ. ಕಾಲೇಜಿನ ಗ್ರಂಥಾಲಯದಲ್ಲಿ ಮೊದಲು ಅವನ್ನು ತೆರೆದು ನೋಡಿ. ಊರಿನವರು ಶಾಸನವೇ ಇಲ್ಲವೆನ್ನುವ ಗುಡಿಯ ಶಾಸನ ನೂರಿಪ್ಪತ್ತು ವರ್ಷದ ಹಿಂದೆಯೇ ಅಚ್ಚಾಗಿರುವುದು ಅಪರೂಪವಲ್ಲ.

ಪ್ರಶ್ನೆ: ನಮ್ಮೂರಿನ ಹಳೆಯ ಈಶ್ವರ ಗುಡಿಯ ಜೀರ್ಣೋದ್ಧಾರಕ್ಕೆ ಊರವರೆಲ್ಲ ಸೇರಿ ಹಣ ಕೂಡಿಸಿದ್ದೇವೆ. ಕಲ್ಲನ್ನು ಮರಳು ಹೊಡೆಸಿ ತೊಳೆಸಿ, ಒಳಗೆ ಗ್ರಾನೈಟ್ ಹಾಸಿ, ಸೋರುವ ಮಾಡಿನ ಮೇಲೆ ಕಾಂಕ್ರೀಟ್ ಹಾಕಿಸುವುದೆಂದು ತೀರ್ಮಾನವಾಗಿದೆ. ಗುಡಿ ಯಾವ ಇಲಾಖೆಗೂ ಸೇರಿಲ್ಲ. ಸಲಹೆ ಕೊಡಿ. (ಬೇಲೂರು ತಾಲ್ಲೂಕಿನ ಓದುಗರು)

ಉತ್ತರ: ಮೂರನ್ನೂ ದಯವಿಟ್ಟು ಕೈಬಿಡಿ. ಗುಡಿ ಪಟ್ಟಿಯಲ್ಲಿಲ್ಲದ ಕಾರಣ ತಮ್ಮನ್ನು ತಡೆಯುವ ಫಲಕ ಅಲ್ಲಿಲ್ಲ. ಅದಕ್ಕಾಗಿಯೇ ಇಷ್ಟು ನೇರವಾಗಿ ಹೇಳಬೇಕಾಗಿದೆ. ಈ ಎರಡು ಜಿಲ್ಲೆಗಳ ಹಳೆಯ ಗುಡಿಗಳಲ್ಲಿ ಹೆಚ್ಚಿನವು ಎರಡೂ ಪಟ್ಟಿಗಳ ಹೊರಗಿವೆ, ಮತ್ತು ಅವುಗಳಿಗೆ ಈಚಿನ ವರ್ಷಗಳಲ್ಲಿ ಆಗಿರುವ ಹಾನಿಯಲ್ಲಿ ಬಹುಪಾಲು ಭಕ್ತಿಯಿಂದ ಕೈಹಾಕಿದವರಿಂದಲೇ ಆದದ್ದು.

ಹೊಯ್ಸಳ ಗುಡಿಗಳ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿ ಸೋಕಿದಂತೆ ಗಟ್ಟಿಯಾಗುತ್ತದೆ. ಅದಕ್ಕೇ ಶಿಲ್ಪಿಗಳಿಗೆ ಹಾರದ ಒಂದೊಂದು ಮಣಿಯನ್ನೂ ಬಿಡಿಸಲು ಸಾಧ್ಯವಾಯಿತು. ಯಂತ್ರದಿಂದ ಒತ್ತಡದ ಮರಳನ್ನು ಅದರ ಮೇಲೆ ಹಾಯಿಸಿದರೆ ಗಟ್ಟಿಯಾದ ಆ ಮೇಲ್ಪದರವೇ ಹಾರಿಹೋಗುತ್ತದೆ. ದ್ವಾರಪಾಲಕನ ಬೆರಳಿನ ಉಗುರು, ಮದನಿಕೆಯ ಕಡಗದ ಅಂಚು, ಕಂಬದ ಮೇಲಿನ ಸಣ್ಣಕ್ಷರದ ಶಾಸನ, ಇವು ಮೊದಲು ಹೋಗುವಂಥವು. ಕೆಲಸ ಮುಗಿದ ದಿನ ಕಲ್ಲು ಹೊಸದಾಗಿ ಹೊಳೆಯುತ್ತದೆ, ಎಲ್ಲರಿಗೂ ಸಂತೋಷವಾಗುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಕಲ್ಲು ಮೊದಲಿಗಿಂತ ಬೇಗ ಪಾಚಿ ಹಿಡಿಯುತ್ತದೆ. ಎಣ್ಣೆಯ ಜಿಡ್ಡು, ಮಸಿ ಇವನ್ನು ತೆಗೆಯಲು ನೀರು, ಮೆತ್ತನೆಯ ಬ್ರಷ್ಷು ಮತ್ತು ತಾಳ್ಮೆ ಬೇಕು. ಅದಕ್ಕೂ ಜಗ್ಗದಿದ್ದರೆ ಪುರಾತತ್ವ ಇಲಾಖೆಯ ರಸಾಯನ ತಜ್ಞರನ್ನು ಕೇಳಬೇಕು, ಆಸಿಡ್ ಮುಟ್ಟಬಾರದು.

ಗ್ರಾನೈಟ್ ಹಾಸಿದಾಗ ಹಳೆಯ ನೆಲಗಲ್ಲುಗಳ ಸಂದಿಯಿಂದ ಆರುತ್ತಿದ್ದ ತೇವಕ್ಕೆ ದಾರಿ ತಪ್ಪಿ, ಅದು ಗೋಡೆಯೊಳಗೆ ಏರುತ್ತದೆ. ನೆಲಗಲ್ಲುಗಳ ಮೇಲೆ ಭಕ್ತರ ರೇಖಾಚಿತ್ರ, ಬರಹ ಇರುವುದೂ ಉಂಟು. ಮಾಡಿನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಹಿಂದಿನವರು ಚಪ್ಪಡಿಗಳ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಗಾರೆ ಹಾಕಿ, ನೀರು ಹರಿದು ಹೋಗಲು ಇಳಿಜಾರು ಕೊಡುತ್ತಿದ್ದರು. ಸುಣ್ಣದ ಗಾರೆ ತೇವವನ್ನು ಹೀರಿ ಮತ್ತೆ ಹೊರಗೆ ಬಿಡುತ್ತದೆ, ಸಿಮೆಂಟು ಒಳಗೇ ಹಿಡಿದಿಡುತ್ತದೆ. ಕಾಂಕ್ರೀಟಿನ ಹೊರೆ ಬಿದ್ದ ಮೇಲೆ ತೊಲೆಗಲ್ಲು ಸೀಳಿದರೆ ಅದನ್ನು ಬದಲಿಸಲು ಗುಡಿಯನ್ನೇ ಬಿಚ್ಚಬೇಕಾಗುತ್ತದೆ. ಸೋರಿಕೆ ನಿಲ್ಲಬೇಕಾದರೆ ಹಳೆಯ ಗಾರೆಯಲ್ಲಿ ಸತ್ತ ಭಾಗವನ್ನು ಮಾತ್ರ ಕೆತ್ತಿ ತೆಗೆದು ಸುಣ್ಣದ ಗಾರೆಯನ್ನೇ ಮತ್ತೆ ಹಾಕಿಸಿ. ಮಾಡಿನ ಮೇಲೆ ಅರಳಿಗಿಡ ಎದ್ದಿದ್ದರೆ ಕಿತ್ತೆಳೆಯಬೇಡಿ. ಬೇರಿನ ಜತೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಬೇರು ಒಣಗುವಂತೆ ಮಾಡಿ, ಆಮೇಲೆ ಸಂದಿಗೆ ಗಾರೆ ತುಂಬಬೇಕು.

ಈ ಕೆಲಸ ಬಲ್ಲವರ ನೆರವು ಸಿಗದೆ ಇರುವುದಿಲ್ಲ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ರಾಜ್ಯ ಸರ್ಕಾರದ ಸಹಯೋಗದಲ್ಲಿ ಇಂಥ ನೂರಾರು ಗುಡಿಗಳನ್ನು ಕಲ್ಲಿಗೆ ಕಲ್ಲು ಹೊಂದಿಸಿ ಎತ್ತಿ ನಿಲ್ಲಿಸಿದೆ. ವೆಚ್ಚದಲ್ಲಿ ಸರ್ಕಾರ ಮತ್ತು ಟ್ರಸ್ಟ್ ತಲಾ ಶೇಕಡಾ 40 ಕೊಟ್ಟು, ಉಳಿದ ಶೇಕಡಾ 20ನ್ನು ಊರವರು ಭರಿಸುವ ಪದ್ಧತಿ ಅದರದು. ತಾವು ಕೂಡಿಸಿರುವ ಹಣ ಆ ಪಾಲಿಗೆ ಒದಗಬಹುದು. ಗ್ರಾನೈಟ್ ವ್ಯಾಪಾರಿಗೆ ಮುಂಗಡ ಕೊಡುವ ಮೊದಲು ಒಂದು ಅರ್ಜಿ ಬರೆಯಿರಿ.

ಪ್ರಶ್ನೆ: ಕಾಫಿ ತೋಟದಲ್ಲಿ ಮಳೆನೀರು ಇಂಗಿಸುವ ತೊಟ್ಟಿಲುಗುಂಡಿ ತೆಗೆಯುವಾಗ ಕೆತ್ತನೆಯ ಕಲ್ಲೊಂದು ಸಿಕ್ಕಿದೆ. ಕೆಳಗೆ ಕತ್ತಿ ಹಿಡಿದವನು ಹುಲಿಯೊಡನೆ ಹೋರಾಡುತ್ತಿದ್ದಾನೆ, ಮೇಲೆ ಲಿಂಗವಿದೆ. ಮನೆಯ ಅಂಗಳದಲ್ಲಿ ನಿಲ್ಲಿಸಿಕೊಳ್ಳಬಹುದೆ? ಕೆಳಗೆ ನಿಧಿ ಇರುತ್ತದೆಂದು ಕೆಲಸದವರು ಹೇಳುತ್ತಾರೆ. (ಮೂಡಿಗೆರೆಯ ಓದುಗರು)

ಉತ್ತರ: ಅದು ವೀರಗಲ್ಲು. ಊರಿನ ಮೇಲೆ ಬಿದ್ದ ಹುಲಿಯನ್ನು ಎದುರಿಸಿ ಸತ್ತವನ ನೆನಪಿಗೆ ನಿಲ್ಲಿಸಿದ್ದು. ನಡುವೆ ಇನ್ನೊಂದು ಪಟ್ಟಿಕೆ ಇದ್ದರೆ ಅಪ್ಸರೆಯರು ಅವನನ್ನು ಎರಡೂ ತೋಳು ಹಿಡಿದು ಒಯ್ಯುತ್ತಿರುತ್ತಾರೆ, ಲಿಂಗದ ಅಕ್ಕಪಕ್ಕ ಸೂರ್ಯಚಂದ್ರರಿರುತ್ತಾರೆ. ಪಟ್ಟಿಕೆಗಳ ನಡುವಿನ ಏಣಿನ ಮೇಲೆ ಅಕ್ಷರಗಳಿವೆಯೇ ಎಂದು ಬೆಳಗಿನ ಓರೆಬಿಸಿಲಿನಲ್ಲಿ ನೋಡಿ, ಫೋಟೋ ತೆಗೆಯಿರಿ. ಅಕ್ಷರ ಎದ್ದು ಕಾಣಲೆಂದು ಸುಣ್ಣ ತುಂಬುವುದು, ತಂತಿ ಬ್ರಷ್ಷಿನಿಂದ ಉಜ್ಜುವುದು ಬೇಡ. ಹೊಯ್ಸಳರ ಮೂಲನೆಲೆ ಸೊಸೆವೂರೆಂದು ಗುರುತಿಸುವ ಅಂಗಡಿ ಗ್ರಾಮ ತಮ್ಮ ತಾಲ್ಲೂಕಿನಲ್ಲೇ ಇರುವುದರಿಂದ, ನಾಲ್ಕು ಅಕ್ಷರ ಸಿಕ್ಕರೂ ಅದಕ್ಕೆ ಬೆಲೆಯಿದೆ.

ವೀರಗಲ್ಲಿನಡಿ ನಿಧಿ ಇಡುತ್ತಿದ್ದರೆಂಬುದು ಬುಡವಿಲ್ಲದ ಮಾತು. ಆ ಮಾತನ್ನು ನಂಬಿ ಅಮಾವಾಸ್ಯೆಯ ರಾತ್ರಿ ಗುದ್ದಲಿ ಹಿಡಿದು ಬರುವವರು ಮಾತ್ರ ನಿಜ. ಆದ್ದರಿಂದ ಸುದ್ದಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಮೊದಲು ತಹಶೀಲ್ದಾರರಿಗೆ ಬರಹದಲ್ಲಿ ತಿಳಿಸಿ. ಮಣ್ಣಿನಡಿ ಸಿಕ್ಕ ಬೆಲೆಯುಳ್ಳ ವಸ್ತುವನ್ನು ಜಿಲ್ಲಾಡಳಿತದ ಗಮನಕ್ಕೆ ತರಬೇಕೆಂದು 1878ರ ನಿಕ್ಷೇಪ ನಿಧಿ ಕಾಯ್ದೆಯ ಕಾಲದಿಂದಲೂ ಇದೆ, ಕರ್ನಾಟಕದ್ದೇ ಆದ 1962ರ ಕಾಯ್ದೆಯೂ ಇದೆ. ನೂರು ವರ್ಷಕ್ಕಿಂತ ಹಳೆಯ ಶಿಲ್ಪಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಅನ್ವಯಿಸುತ್ತದೆ. ಅಂಗಳದ ಅಲಂಕಾರಕ್ಕೆ ಒಯ್ಯುವ ಬದಲು, ಅಧಿಕಾರಿಗಳು ಬಂದು ನೋಡುವವರೆಗೆ ಸಿಕ್ಕಿದ ಜಾಗದಲ್ಲೇ ಮರದ ಸೊಪ್ಪು ಮುಚ್ಚಿ ಬಿಡಿ. ಎಲ್ಲಿ ಸಿಕ್ಕಿತೆಂಬುದೂ ಶಾಸನದಷ್ಟೇ ಮುಖ್ಯವಾದ ಮಾಹಿತಿ.

ಪ್ರಶ್ನೆ: ಹಲ್ಮಿಡಿಯ ಮೂಲ ಶಾಸನವನ್ನು ಊರಿಗೆ ಮರಳಿ ತರಬಾರದೇಕೆ? (ಬೇಲೂರಿನ ಶಿಕ್ಷಕರು)

ಉತ್ತರ: 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ವೀರಭದ್ರ ಗುಡಿಯ ಮುಂದಿನ ಈ ಹದಿನಾರು ಸಾಲಿನ ಶಾಸನವನ್ನು ಬೆಳಕಿಗೆ ತಂದ ಮೇಲೆ ಮೂಲ ಕಲ್ಲು ಮೈಸೂರಿನಲ್ಲಿ ಪುರಾತತ್ವ ಇಲಾಖೆಯ ವಶದಲ್ಲಿದೆ. ಊರಿನ ಮಂಟಪದಲ್ಲಿರುವುದು ಪ್ರತಿಕೃತಿ. ಕ್ರಿ.ಶ. ಸುಮಾರು 450ರದೆಂದು ಪರಿಗಣಿಸಲಾದ ಕಲ್ಲನ್ನು ಮಳೆಗೂ ಮುಟ್ಟುವ ಕೈಗಳಿಗೂ ಒಡ್ಡುವುದು ನಮಗೆ ಒಪ್ಪಿಗೆಯಿಲ್ಲ. ಕಾವಲು, ತೇವ ನಿಯಂತ್ರಣ ಇರುವ ಸಂಗ್ರಹಾಲಯ ಹಲ್ಮಿಡಿಯಲ್ಲೇ ಆದರೆ ಮಾತು ಬೇರೆ. ಆ ಬೇಡಿಕೆಯನ್ನು ಮುಂದಿಡುವುದು ನ್ಯಾಯವಾದದ್ದೇ.

ಪ್ರಶ್ನೆ: ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಬೇಲೂರಿನ ಅಂಗಡಿಗಳನ್ನು ಎತ್ತಿಸುತ್ತಾರೆಂದು ಹೇಳುತ್ತಾರೆ. ನಿಜವೆ? (ಬೇಲೂರಿನ ವ್ಯಾಪಾರಿ)

ಉತ್ತರ: ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರ ಸೆಪ್ಟೆಂಬರ್ 18ರಂದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದರಿಂದ ತಮ್ಮ ಅಂಗಡಿಗೆ ಹೊಸ ಕಾಯ್ದೆಯೇನೂ ಬಂದಿಲ್ಲ. 100 ಮತ್ತು 200 ಮೀಟರುಗಳ ನಿಯಮ ಅದಕ್ಕೂ ಮೊದಲಿನದೇ. ಬದಲಾಗಿರುವುದು ನಿಗಾ. ಸುತ್ತಲಿನ ನೋಟ ಕೆಟ್ಟರೆ ಪಟ್ಟಿಯಿಂದ ಹೊರಬೀಳುವುದೂ ಸಾಧ್ಯ. ನದಿಗೆ ಅಡ್ಡಲಾಗಿ ಸೇತುವೆ ಕಟ್ಟಿದ್ದಕ್ಕೆ ಜರ್ಮನಿಯ ಡ್ರೆಸ್ಡೆನ್ 2009ರಲ್ಲಿ ಆ ಸ್ಥಾನ ಕಳೆದುಕೊಂಡಿತು. ಅಂಗಡಿಯ ಜಾಗದ ದಾಖಲೆ ಸರಿಯಾಗಿದ್ದರೆ ಗಾಳಿಮಾತಿಗೆ ಹೆದರಬೇಕಾಗಿಲ್ಲ.

ಪ್ರಶ್ನೆ: ನಮ್ಮೂರಿನ ಗುಡಿಯ ಮುಂದಿನ ನೀಲಿ ಫಲಕದಲ್ಲಿ ಸ್ಮಾರಕಕ್ಕೆ ಹಾನಿ ಮಾಡಿದರೆ ಮೂರು ತಿಂಗಳ ಸಜೆ ಅಥವಾ ಐದು ಸಾವಿರ ರೂಪಾಯಿ ದಂಡವೆಂದಿದೆ. ಪಕ್ಕದೂರಿನ ಫಲಕದಲ್ಲಿ ಎರಡು ವರ್ಷ ಎಂದಿದೆ. ಯಾವುದು ಸರಿ? (ಹಾಸನ ತಾಲ್ಲೂಕಿನ ಓದುಗರು)

ಉತ್ತರ: ಪಕ್ಕದೂರಿನದು ಸರಿ. ತಮ್ಮೂರಿನದು 2010ಕ್ಕೆ ಹಿಂದಿನ ಫಲಕ. ಈಗ ಎರಡು ವರ್ಷದವರೆಗೆ ಸಜೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ನಿಷೇಧಿತ ಪ್ರದೇಶದಲ್ಲಿ ಕಟ್ಟಡ ಎಬ್ಬಿಸಿದವರಿಗೂ ಇಷ್ಟೇ. ಅಂಥ ಕಟ್ಟಡಕ್ಕೆ ಗೊತ್ತಿದ್ದೂ ಕಣ್ಣುಮುಚ್ಚಿಕೊಂಡ ಕೇಂದ್ರ ಸರ್ಕಾರದ ಅಧಿಕಾರಿಗೆ ಮೂರು ವರ್ಷದವರೆಗೆ ಸಜೆ ವಿಧಿಸಬಹುದೆಂದು ಅದೇ ತಿದ್ದುಪಡಿ ಹೇಳುತ್ತದೆ. ಹಳೆಯ ಫಲಕವನ್ನು ಬದಲಿಸುವಂತೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರು ವೃತ್ತದ ಕಚೇರಿಗೆ ಫೋಟೋ ಸಹಿತ ಒಂದು ಪತ್ರ ಬರೆಯಿರಿ.